ಫಿಯೆಟ್ಟಿನ ಗೆರೆ ಬಲ್ಲ ಕೈಗಳು

ಕುಂಬಳೆ ಪೇಟೆಯಲ್ಲಿ ಬಾಡಿಗೆ ಕಾರೆಂದರೆ ಅಂಬಾಸಿಡರ್ ಎಂದಿದ್ದ ಕಾಲದಲ್ಲಿ ಫಿಯೆಟ್ ಇಟ್ಟುಕೊಂಡವರ ಗತ್ತೇ ಬೇರೆ. ಅಡಿಕೆ ತೋಟದ ಯಜಮಾನರು, ಡಾಕ್ಟರು, ಗಲ್ಫಿನಿಂದ ರಜೆಗೆ ಬಂದವರು ಅದನ್ನು ಓಡಿಸುತ್ತಿದ್ದರು. ಇಟಲಿಯ ದಾಂತೆ ಜಿಯಕೋಸ ರೂಪಿಸಿ 1953ರಲ್ಲಿ ಹೊರಬಂದ ಫಿಯೆಟ್ 1100 ಮಾದರಿಯ ವಂಶದ ಕಾರು ಅದು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮೂರಿಗೂ ಬಂತು. ಎಂಜಿನ್ 1089 ಸಿಸಿ, ಗೇರು ಸ್ಟಿಯರಿಂಗಿನ ಬುಡದಲ್ಲಿ. ಹೆಡ್‌ಲೈಟಿನಿಂದ ಹೊರಟ ಗೆರೆ ಬಾಗಿಲುಗಳ ಮೇಲೆ ಹಾದು ಹಿಂದಿನ ಪುಟ್ಟ ರೆಕ್ಕೆಗಳವರೆಗೆ ಹೋಗುವ ಚಂದವನ್ನು ನೋಡಿ ನನಗೆ ಎಂದೂ ಸಾಕಾಗಿಲ್ಲ.

ಕಡಲ ಉಪ್ಪುಗಾಳಿ ಆ ಚಂದಕ್ಕೆ ವೈರಿ. ಬಾಗಿಲಿನ ಕೆಳಗಂಚು, ಕಾಲಡಿಯ ತಗಡು ಮೊದಲು ತುಕ್ಕು ಹಿಡಿಯುತ್ತಿದ್ದವು. ಆಗ ಕಾರು ಹೆದ್ದಾರಿ ಬದಿಯ ಮಡಲಿನ ಚಪ್ಪರದ ಗ್ಯಾರೇಜು ಸೇರುತ್ತಿತ್ತು. ಅಲ್ಲಿನ ಟಿಂಕರ್ ಮೇಸ್ತ್ರಿ ಕೊಳೆತ ಭಾಗ ಕತ್ತರಿಸಿ, ಹೊಸ ತಗಡನ್ನು ಮರದ ಕೊಡತಿಯಲ್ಲಿ ಬಡಿದು ಬಾಗಿಸಿ, ಗ್ಯಾಸ್ ವೆಲ್ಡಿಂಗಿನಲ್ಲಿ ಕೂಡಿಸುತ್ತಿದ್ದರು. ಆಮೇಲೆ ಸೀಮೆಎಣ್ಣೆ ಒರೆಸಿ, ಬಗ್ಗಿ ಕೂತು, ಹೊಳಪಿನಲ್ಲಿ ಅಲೆ ಕಾಣುತ್ತದೆಯೇ ಎಂದು ನೋಡುವರು. ಕಂಡರೆ ಮತ್ತೆ ಸುತ್ತಿಗೆ. ಪುಟ್ಟಿ ಮೆತ್ತಿ ಡೊಂಕು ಮುಚ್ಚುವುದು ಅವರಿಗೆ ಸೇರದು. ಆಟಿಯ ಮಳೆಯಲ್ಲಿ ಪೈಂಟು ಹೊಡೆಯುವಂತೆಯೇ ಇರಲಿಲ್ಲ. ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತಿತ್ತು. "ಬಿಸಿಲು ಬರಲಿ ಧಣಿ," ಎಂದರೆ ಮಾತು ಮುಗಿಯಿತು.

1983ರ ಕೊನೆಗೆ ಮಾರುತಿ 800 ಬಂತು. ಬರಬರುತ್ತಾ ಜಜ್ಜಿದ ಬಾಗಿಲನ್ನು ಸರಿಮಾಡುವುದಕ್ಕಿಂತ ಮಂಗಳೂರಿನಿಂದ ಹೊಸದು ತರಿಸುವುದೇ ಸಲೀಸಾಯಿತು. ಬಂಪರು ಪ್ಲಾಸ್ಟಿಕ್ಕಾಯಿತು. ಆ ಫಿಯೆಟ್ಟೇ ಮುಂದೆ ಪಡೆದ ರೂಪವಾದ ಪದ್ಮಿನಿಯ ತಯಾರಿಕೆಯೂ ನಿಂತಿತು. ಹೆದ್ದಾರಿ ಆರು ಪಥವಾಗುವ ಹೊತ್ತಿಗೆ ಆ ಚಪ್ಪರವಿದ್ದ ಜಾಗವೂ ರಸ್ತೆಯೊಳಗೆ ಹೋಯಿತು. ಬಿಡಿಭಾಗ ಬದಲಿಸಬಲ್ಲ ಹುಡುಗರು ಬೇಕಾದಷ್ಟಿದ್ದಾರೆ. ತಗಡಿನಲ್ಲಿ ಗೆರೆ ಎಬ್ಬಿಸಬಲ್ಲವರು ಅಪರೂಪ.

ಈಚೆಗೆ ಬದಿಯಡ್ಕ ರಸ್ತೆಯಲ್ಲಿ ಜೀರ್ಣೋದ್ಧಾರಗೊಂಡ ಡಿಲೈಟ್ ಮಾದರಿಯ ಫಿಯೆಟ್ ಒಂದನ್ನು ಕಂಡೆ. ಕೆನೆಬಣ್ಣ, ಮಿರಮಿರ ಮಿಂಚುವ ಕ್ರೋಮು. ಹಿಂದಿನ ರೆಕ್ಕೆಯ ಮೇಲೆ ಕೈಯಾಡಿಸಿದೆ, ಎಲ್ಲೂ ಉಬ್ಬುತಗ್ಗಿಲ್ಲ. ತಿದ್ದಿದವರು ಹಳೇ ಕೈಯವರೇ ಇರಬೇಕು.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಇಂಥ ಕಾರಿಗೆ 'ವಿಎ' ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಅಡ್ಡಿಯಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಅಜ್ಜನ ಫಿಯೆಟ್ ಇದ್ದರೆ ದಯವಿಟ್ಟು ಗುಜರಿಗೆ ತೂಕಕ್ಕೆ ಹಾಕಬೇಡಿ. ಮಳೆ ಮುಗಿದ ಕೂಡಲೇ ಒಬ್ಬ ಹಳೇ ಮೇಸ್ತ್ರಿಯನ್ನು ಹುಡುಕಿ, ಜೊತೆಗೆ ಒಬ್ಬ ಹುಡುಗನನ್ನೂ ಕೆಲಸ ಕಲಿಯಲು ನಿಲ್ಲಿಸಿ.