ಗಾರೆ ನೆಲದಿಂದ ಟೈಲ್ಸ್ ಗೋಡೆಯವರೆಗೆ

ನನ್ನ ಬಾಲ್ಯದ ಶಿವಮೊಗ್ಗದಲ್ಲಿ ಹೊಸ ಮನೆ ಎಂದರೆ ರೆಡ್ ಆಕ್ಸೈಡ್ ಗಾರೆಯ ನೆಲ ಎಂದೇ ಲೆಕ್ಕ. ಬಚ್ಚಲಿಗೆ, ಹಿತ್ತಲ ಕಡೆಗೆ ಶಹಾಬಾದ್ ಕಲ್ಲೋ ಕಡಪ ಕಲ್ಲೋ ಬರುತ್ತಿತ್ತು. ಸ್ವಲ್ಪ ಅನುಕೂಲವಿದ್ದವರು ನಡುಮನೆಗೆ ಮೊಸಾಯಿಕ್ ಮಾಡಿಸುತ್ತಿದ್ದರು. ಟೈಲ್ಸ್ ನಾವು ನೋಡುತ್ತಿದ್ದುದು ಆಸ್ಪತ್ರೆಯ ಗೋಡೆಯಲ್ಲಿ ಮಾತ್ರ. ಅಲ್ಲಿಂದ ಇಲ್ಲಿಗೆ ನೆಲ ಹಾಕುವ ಕಸುಬು ಬದಲಾದದ್ದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಮೇಸ್ತ್ರಿಯಲ್ಲದ ನಾನೂ ಕರಣೆ ಹಿಡಿದು ಅಡುಗೆಮನೆ ಗೋಡೆಗೆ ಟೈಲ್ಸ್ ಕೂರಿಸುವ ಕಾಲ ಬಂತು.

ಗಾರೆ ನೆಲ ಹಾಕುವುದನ್ನು ನೋಡಿದವರು ಮರೆಯಲಾರರು. ಕಾಂಕ್ರೀಟಿನ ಮೇಲೆ ಮರಳು-ಸಿಮೆಂಟಿನ ಹಾಸು ಹಾಕಿ, ಅದು ಹಸಿಯಿರುವಾಗಲೇ ಆಕ್ಸೈಡ್ ಬೆರೆಸಿದ ಸಿಮೆಂಟಿನ ತಿಳಿಯನ್ನು ಎಳೆಯಬೇಕು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಪುಡಿ ಎಂಬುದು ರೂಢಿಯ ಅಳತೆ. ಆಮೇಲೆ ಕಾಯಬೇಕು. ಬೇಗ ಉಜ್ಜಿದರೆ ಕರಣೆಗೆ ಮೆತ್ತಿಕೊಳ್ಳುತ್ತದೆ, ತಡವಾದರೆ ಹೊಳಪು ಬರುವುದಿಲ್ಲ. ಆ ಹದ ತಿಳಿದಿದ್ದುದು ಮೇಸ್ತ್ರಿಯ ಬೆರಳಿಗೆ. ಒಂದು ಕೋಣೆಯನ್ನು ಶುರು ಮಾಡಿದರೆ ಅದೇ ದಿನ ಮುಗಿಸಬೇಕು, ಇಲ್ಲವಾದರೆ ಬೆಸುಗೆಯ ಗೆರೆ ಶಾಶ್ವತವಾಗಿ ಉಳಿಯುತ್ತದೆ. ಹಾಗಾಗಿ ಲಾಟೀನಿನ ಬೆಳಕಿನಲ್ಲೂ ಮಂಡಿಯೂರಿ ಹಿಂದಕ್ಕೆ ಸರಿಯುತ್ತಾ ಉಜ್ಜುತ್ತಿದ್ದರು. ಮರುದಿನದಿಂದ ಗೋಣಿತಾಟು ಹೊದಿಸಿ ನೀರು ಕಟ್ಟುವುದು ಮನೆಯವರ ಪಾಲಿನ ಕೆಲಸ. ಮೇಲೆ ತೆಂಗಿನ ಎಣ್ಣೆ ಸವರಿ ವರ್ಷಗಟ್ಟಲೆ ಒರೆಸಿದ ನೆಲಕ್ಕೆ ಬರುತ್ತಿದ್ದ ಮಿರುಗು ಕಾರ್ಖಾನೆಯಲ್ಲಿ ಹುಟ್ಟುವಂಥದ್ದಲ್ಲ.

ಆ ಕೆಲಸ ಕೇಳುತ್ತಿದ್ದುದು ಸಮಯವನ್ನು. ಸಾಲ ತೆಗೆದು ಮನೆ ಕಟ್ಟುವವರಿಗೆ, ಬಾಡಿಗೆ ಮನೆಯಲ್ಲಿದ್ದುಕೊಂಡೇ ಗೃಹಪ್ರವೇಶದ ದಿನ ಎಣಿಸುವವರಿಗೆ ಅಷ್ಟು ದಿನ ನೀರುಣಿಸಿ ಕಾಯುವ ವ್ಯವಧಾನ ಇರಲಿಲ್ಲ. ಕ್ಯೂರಿಂಗ್ ಕಡಿಮೆಯಾದ ಕಡೆ ನೆಲ ಬಿರುಕು ಬಿಟ್ಟಿತು. ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಹೊಂದುತ್ತಿರಲಿಲ್ಲ. ಮೊಸಾಯಿಕ್ಕಿಗೂ ಅದರದೇ ಕಷ್ಟ: ಅಮೃತಶಿಲೆಯ ಚೂರು ಬೆರೆಸಿ ಹಾಕಿದ ನೆಲವನ್ನು ಯಂತ್ರದಲ್ಲಿ ಮತ್ತೆ ಮತ್ತೆ ತೇಯಬೇಕು, ಮನೆ ತುಂಬ ಬಿಳಿ ರಾಡಿ.

ಮೊದಲು ಬಂದದ್ದು ಬಚ್ಚಲಮನೆಯ ಗ್ಲೇಜ್ಡ್ ಟೈಲ್ಸ್. ಇದರ ಹಿಂಬದಿ ಸುಟ್ಟ ಮಣ್ಣು, ಹತ್ತು ಪರ್ಸೆಂಟಿಗೂ ಹೆಚ್ಚು ನೀರು ಕುಡಿಯುತ್ತದೆ. ಅದಕ್ಕೇ ಮೇಸ್ತ್ರಿಗಳು ಹಿಂದಿನ ದಿನವೇ ಟಬ್ಬಿನಲ್ಲಿ ನೆನೆಹಾಕುತ್ತಿದ್ದರು. ಒಣ ಟೈಲ್ಸ್ ಸಿಮೆಂಟಿನ ನೀರನ್ನೆಲ್ಲ ಹೀರಿ ಅಂಟನ್ನು ಕೆಡಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಗುಜರಾತಿನ ಮೊರ್ಬಿಯಿಂದ ಲಾರಿಗಟ್ಟಲೆ ಬಂದವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತೆರೆದ ಹೆಂಚಿನ ಕಾರ್ಖಾನೆ ಕರಾವಳಿ ಮಲೆನಾಡುಗಳ ಮಾಡನ್ನು ಬದಲಿಸಿತ್ತು. ಮೊರ್ಬಿ ನಮ್ಮ ನೆಲವನ್ನು ಬದಲಿಸಿತು. ಊರಿನ ಗಾರೆ ಮೇಸ್ತ್ರಿಗಳ ಜಾಗಕ್ಕೆ ರಾಜಸ್ಥಾನ, ಉತ್ತರ ಪ್ರದೇಶದ ಹುಡುಗರು ಬಂದರು. ಅವರ ವೇಗ, ಕಟಿಂಗಿನ ಅಚ್ಚುಕಟ್ಟು ಮೆಚ್ಚಲೇಬೇಕಾದ್ದು.

ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅರ್ಧ ಪರ್ಸೆಂಟಿಗಿಂತ ಕಡಿಮೆ. ಹೀಗಾಗಿ ಬರೀ ಸಿಮೆಂಟಿನ ಹಾಲು ಅದನ್ನು ಗಟ್ಟಿಯಾಗಿ ಹಿಡಿಯದು. ಅಲ್ಲಿಂದ ಅಂಗಡಿಗಳಿಗೆ ಅಡ್ಹೆಸಿವ್ ಮೂಟೆಗಳು ಬಂದವು. ಈಗ ಅದಕ್ಕೆ ಐಎಸ್ 15477 ಎಂಬ ಭಾರತೀಯ ಮಾನದಂಡವೇ ಇದೆ. ಯಾವ ಜಾಗಕ್ಕೆ ಎಂಥದು ಎಂದು ಐದು ಬಗೆ ಮಾಡಿದ್ದಾರೆ. ಈ ಮೂಟೆ, ಹಲ್ಲಿನ ಕರಣೆ, ಗೀರಿ ಮುರಿಯುವ ಕಟ್ಟರ್, ಪ್ಲಾಸ್ಟಿಕ್ ಸ್ಪೇಸರ್ ಇವು ಬಂದ ಮೇಲೆಯೇ ನನ್ನಂಥವರಿಗೆ ಈ ಕಸುಬಿನ ಬಾಗಿಲು ತೆರೆದದ್ದು. ರೆಡ್ ಆಕ್ಸೈಡ್ ನೆಲವನ್ನು ಹೊಸಬರು ಹಾಕಲಾಗದು. ಒಲೆಕಟ್ಟೆಯ ಹಿಂದಿನ ಗೋಡೆಗೆ ಟೈಲ್ಸ್ ಹಾಕಬಹುದು.

ನಾನು ಹಿಡಿದದ್ದೂ ಅದೇ ಗೋಡೆಯನ್ನು. ಅರ್ಧಕ್ಕರ್ಧ ಹೊತ್ತು ಹೋಗಿದ್ದು ಅಂಟಿಸುವ ಮೊದಲೇ. ಎಣ್ಣೆ ಜಿಡ್ಡು ತೊಳೆದೆ, ಸಡಿಲ ಗಿಲಾವು ಕೆತ್ತಿದೆ, ರಸಮಟ್ಟ ಹಿಡಿದು ಗೋಡೆಗೆ ಗೆರೆ ಹಾಕಿದೆ. ಕಟ್ಟೆಯ ಅಂಚನ್ನೇ ಮಟ್ಟ ಎಂದು ನಂಬಬಾರದು, ಅದೇ ವಾಲಿರಬಹುದು. ಟೈಲ್ಸನ್ನು ಮೊದಲು ಕೆಳಗೆ ಜೋಡಿಸಿ ನೋಡಿ, ಗೋಡೆಯ ನಡುವಿನಿಂದ ಲೆಕ್ಕ ಹಿಡಿದೆ; ಎರಡೂ ತುದಿಗೆ ಸಮನಾದ ತುಂಡು ಬರುತ್ತದೆ, ಒಂದು ಬದಿಗೆ ಬೆರಳಗಲದ ಚೂರು ಉಳಿಯುವುದಿಲ್ಲ. ಅಡ್ಹೆಸಿವ್ ಕಲಸಿ ಕೆಲ ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಹಲ್ಲಿನ ಕರಣೆಯಲ್ಲಿ ಗೆರೆಗಳನ್ನು ಒಂದೇ ದಿಕ್ಕಿಗೆ ಎಳೆದರೆ ಒತ್ತುವಾಗ ಗಾಳಿ ಹೊರಹೋಗುತ್ತದೆ. ಆಗಾಗ ಒಂದು ಟೈಲ್ಸ್ ಕಿತ್ತು ಬೆನ್ನು ನೋಡುತ್ತಿದ್ದೆ, ಪೂರ್ತಿ ಅಂಟು ಹಿಡಿದಿದೆಯೇ ಎಂದು. ಐದು ಕಡೆ ಉಂಡೆ ಇಟ್ಟು ಒತ್ತುವ ಅಭ್ಯಾಸ ಕೆಲವರಿಗಿದೆ. ಆ ಉಂಡೆಗಳ ನಡುವಿನ ಟೊಳ್ಳೇ ನಾಳೆ ಪಾತ್ರೆ ಬಿದ್ದಾಗ ಟೈಲ್ಸ್ ಒಡೆಯಲು ಕಾರಣ. ಸಂದಿಗೆ ಗ್ರೌಟ್ ತುಂಬಿದ್ದು ಮರುದಿನ. ಕಟ್ಟೆಯೂ ಗೋಡೆಯೂ ಸೇರುವ ಮೂಲೆಗೆ ಮಾತ್ರ ಸಿಲಿಕೋನ್, ಏಕೆಂದರೆ ಅಲ್ಲಿ ಗ್ರೌಟ್ ಬಿರಿಯುತ್ತದೆ.

ಆ ಗೋಡೆಯ ಮುಂದೆ ನಿಂತಾಗಲೇ ಹಳೆಯ ಮೇಸ್ತ್ರಿಗಳ ಕೆಲಸ ನನಗೆ ಪೂರ್ತಿಯಾಗಿ ಅರ್ಥವಾದದ್ದು. ಸಾಮಗ್ರಿ ಬದಲಾಗಿದೆ. ಮಟ್ಟ, ಹದ, ಕಾಯುವ ತಾಳ್ಮೆ ಈ ಮೂರನ್ನು ಯಾವ ಮೂಟೆಯಲ್ಲೂ ಮಾರುವುದಿಲ್ಲ. ಈಗಿನ ಎಷ್ಟೋ ಕಟ್ಟಡಗಳಲ್ಲಿ ಟೈಲ್ಸ್ ಉಬ್ಬಿ ಏಳುತ್ತಿರುವುದು ಟೈಲ್ಸಿನ ದೋಷದಿಂದಲ್ಲ, ಅದರ ಅಡಿಯ ಕೆಲಸವನ್ನು ಅವಸರದಲ್ಲಿ ಮುಗಿಸಿದ್ದರಿಂದ.

ಮೊದಲ ಸಲ ಕೈಹಾಕುವವರಿಗೆ ನನ್ನ ಮಾತು ಇಷ್ಟು. ಚಿಕ್ಕ ಗೋಡೆಯಿಂದ ಶುರು ಮಾಡಿ. ಬಚ್ಚಲಿನ ನೆಲವನ್ನು ಮೇಸ್ತ್ರಿಗೇ ಬಿಡಿ. ಅಲ್ಲಿ ನೀರು ನಿಲ್ಲದೆ ಹರಿಯುವಷ್ಟು ಇಳಿಜಾರು ಬೇಕು, ಟೈಲ್ಸಿನ ಕೆಳಗೆ ನೀರುತಡೆ ಬೇಕು, ನೀರು ಕಟ್ಟಿ ಒಂದು ದಿನ ನಿಲ್ಲಿಸಿ ನೋಡಬೇಕು. ಯಂತ್ರದಲ್ಲಿ ಕತ್ತರಿಸುವಾಗ ನೀರು ಬಿಟ್ಟೇ ಕತ್ತರಿಸಿ, ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹುಡುಗರಿಗೂ ಮಾಸ್ಕ್, ಕನ್ನಡಕ ಒದಗಿಸಿ, ನೀರಿಲ್ಲದೆ ಕತ್ತರಿಸಲು ಬಿಡಬೇಡಿ. ಹಾಗೆಯೇ, ಮನೆಯಲ್ಲಿ ಹಿರಿಯರ ಕಾಲದ ರೆಡ್ ಆಕ್ಸೈಡ್ ನೆಲ ಗಟ್ಟಿಯಾಗಿ ಉಳಿದಿದ್ದರೆ ದಯವಿಟ್ಟು ಒಡೆಯಬೇಡಿ. ಅದನ್ನು ಮತ್ತೆ ಹಾಗೆಯೇ ಹಾಕಿಕೊಡಬಲ್ಲ ಕೈಗಳು ಈಗ ಬಹಳ ಕಡಿಮೆ.