ಯಾವ ಕೈ?

ಕಂಪ್ಯೂಟರಿಗೂ ನನಗೂ ಎಣ್ಣೆ–ಸೀಗೆಕಾಯಿ ಸಂಬಂಧ. ಆದರೂ ಹೋದ ಭಾನುವಾರ ನಮ್ಮ ಮನೆಯ ಊಟದ ಮೇಜು ಪ್ರಯೋಗಶಾಲೆಯಾದಾಗ, ಮಗಳಿಗೆ ನಾನೇ ಸಹಾಯಕನಾಗಬೇಕಾಯಿತು. ನಮ್ಮ ಕೈ ಹೊಸ ಚಲನೆಯನ್ನು ಹೇಗೆ ಕಲಿಯುತ್ತದೆ ಎಂಬುದು ಅವಳ ಸಂಶೋಧನೆಯ ವಿಷಯ.

ಸಾಮಾನು ಹೆಚ್ಚಿಲ್ಲ: ಒಂದು ಕಂಪ್ಯೂಟರು, ಚಿತ್ರ ಬರೆಯುವ ಸ್ಲೇಟಿನಂಥ ಒಂದು ಟ್ಯಾಬ್ಲೆಟ್ಟು, ಅದರದೊಂದು ಪೆನ್ನು. ಅಣಿಮಾಡುವ ಕೆಲಸವೇ ಹೆಚ್ಚು. ಪೆನ್ನು ಮೌಸಿನಂತೆ ನಡೆದುಕೊಳ್ಳಬಾರದು; ಟ್ಯಾಬ್ಲೆಟ್ಟಿನ ಒಂದೊಂದು ಜಾಗಕ್ಕೂ ಪರದೆಯ ಮೇಲೆ ಅದರದೇ ಜಾಗ ಗೊತ್ತಾಗಿರಬೇಕು. ಇಲ್ಲಿ 10 ಸೆಂಟಿಮೀಟರು ಸರಿದರೆ ಅಲ್ಲಿಯೂ 10 ಸೆಂಟಿಮೀಟರು. ಅಡಿಕೋಲು ಹಿಡಿದು ಅಳೆದವನು ನಾನು. ಪರದೆ ಸೆಕೆಂಡಿಗೆ 60 ಸಲ ಬದಲಾಗುವುದರಿಂದ ಒಂದೊಂದು ಚಿತ್ರಕ್ಕೂ ಸುಮಾರು 17 ಮಿಲಿಸೆಕೆಂಡು; ಆ ವಿಳಂಬವನ್ನೂ ಅವಳು ಲೆಕ್ಕಕ್ಕೆ ಹಿಡಿದಳು. ಕೊನೆಗೆ, ಕೈ ಕಣ್ಣಿಗೆ ಕಾಣದಂತೆ ಮೇಲೊಂದು ರಟ್ಟಿನ ಗೂಡು.

"ಕೂತುಕೋ ಅಪ್ಪ, ಚುಕ್ಕೆಯನ್ನು ಗುರಿಗೆ ಮುಟ್ಟಿಸು" ಎಂದಳು. ಮುಟ್ಟಿಸಿದೆ. ಆಮೇಲೆ ನನಗೆ ಹೇಳದೆ ಚುಕ್ಕೆಯ ದಾರಿಯನ್ನು 30 ಡಿಗ್ರಿ ಓರೆ ಮಾಡಿಬಿಟ್ಟಳು. ನೇರ ಎಳೆದರೆ ಚುಕ್ಕೆ ಕುಡುಕನಂತೆ ಬಲಕ್ಕೆ ವಾಲಿತು. ಹತ್ತಾರು ಸಲ ತಪ್ಪಿದ ಮೇಲೆ ಕೈ ತಾನಾಗಿ ಎಡಕ್ಕೆ ತಿರುಗಿ ಗುರಿ ಹಿಡಿಯಿತು. ಆಗ ಓರೆಯನ್ನು ತೆಗೆದಳು. ದಾರಿ ನೇರವಾಗಿದೆ, ನನ್ನ ಕೈ ಮಾತ್ರ ಎಡಕ್ಕೇ ಹೋಯಿತು!

"ಓರೆ ತೆಗೆದರೂ ಕಲಿತದ್ದು ತಕ್ಷಣ ಹೋಗುವುದಿಲ್ಲ" ಎಂದು ನಕ್ಕಳು.

ಇನ್ನು ಅವಳ ಸರದಿ. ಮೊದಲು ಒಂದು ಪಟ್ಟಿ ತುಂಬಬೇಕು: ಯಾವ ಯಾವ ಕೆಲಸಕ್ಕೆ ಯಾವ ಕೈ? ಕನ್ನಡಕ ಸರಿಮಾಡಿಕೊಂಡು ಓದಿದೆ. ಕತ್ತರಿ—ಎಡ. ಹಲ್ಲುಜ್ಜುವುದು—ಎಡ. ಚೆಂಡೆಸೆಯುವುದು—ಎಡ. ಬರೆಯುವುದು—ಬಲ.

ಆ ಒಂದು 'ಬಲ' ನನ್ನದು. ಅವಳಿಗೆ ಐದು ವರ್ಷ ತುಂಬುವ ಹೊತ್ತಿಗೆ ಎಡಗೈಯಿಂದ ಬಳಪವನ್ನು ಎಷ್ಟು ಸಲ ಕಿತ್ತುಕೊಂಡೆನೋ! ಒಮ್ಮೆ ಅಡಿಕೋಲಿನಿಂದ ಹೊಡೆದದ್ದೂ ಉಂಟು. ಜನರಲ್ಲಿ ಹತ್ತಕ್ಕೊಬ್ಬರು ಎಡಗೈಯವರು ಎಂಬುದು ಆಗ ನನಗೆ ತಿಳಿಯದು. ತಿಳಿದಿದ್ದರೂ, "ನಾಲ್ಕು ಜನ ಏನೆಂದಾರು?" ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಮುಂದೆ ಅವಳ ಮುತ್ತಿನಂಥ ಅಕ್ಷರವನ್ನು ಬಂದವರಿಗೆಲ್ಲ ತೋರಿಸಿ ಬೀಗಿದವನೂ ನಾನೇ.

ಮಾತಾಡಲು ಬಾಯಿ ಬರಲಿಲ್ಲ. ಪೆನ್ನನ್ನು ಮೆಲ್ಲಗೆ ಅವಳ ಎಡಕ್ಕೆ ಇಟ್ಟೆ.

ಅವಳ ಕಣ್ಣು ಪರದೆಯ ಮೇಲಿತ್ತು. ಬಲಗೈ ಮೇಜನ್ನು ದಾಟಿ ಬಂದು ಅದನ್ನು ಎತ್ತಿಕೊಂಡಿತು.