ನೂರೈವತ್ತು ಗಜದ ಆಚೆ

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಬೇಲಿ ಗಡಿಯ ಮೇಲಿಲ್ಲ. ನಕ್ಷೆಯ ಗೆರೆ ಒಂದು ಕಡೆ, ಮುಳ್ಳುತಂತಿ ಇನ್ನೊಂದು ಕಡೆ. ಗಡಿಗೆರೆಯಿಂದ 150 ಗಜದೊಳಗೆ ಯಾರೂ ರಕ್ಷಣಾ ಕಟ್ಟೋಣ ಕಟ್ಟಬಾರದು ಎಂದು 1975ರಲ್ಲಿ ಎರಡೂ ದೇಶಗಳು ಮಾತಾಡಿಕೊಂಡಿದ್ದವು. ಹಾಗಾಗಿ ಮುಂದೆ ಬೇಲಿ ಹಾಕುವಾಗ ಭಾರತ ಬಹಳಷ್ಟು ಕಡೆ ಹಿಂದೆ ಸರಿದು ತನ್ನ ನೆಲದೊಳಗೇ ಹಾಕಬೇಕಾಯಿತು. ಗಡಿಯ ಉದ್ದ 4,096 ಕಿಲೋಮೀಟರ್. ಗೆರೆಗೂ ತಂತಿಗೂ ನಡುವೆ ಉಳಿದ ಪಟ್ಟಿಯಲ್ಲಿ ಗದ್ದೆಗಳಿವೆ, ಬಿದಿರುಮೆಳೆಗಳಿವೆ, ಕೆಲವು ಕಡೆ ಮನೆಮಠ ಸಮೇತ ಊರುಗಳೇ ಇವೆ. ಅಲ್ಲಿರುವವರು ಭಾರತದ ಪ್ರಜೆಗಳು. ಆದರೆ ಅವರು ಪೇಟೆಗೆ ಬರಬೇಕಾದರೆ ಯಾರಾದರೂ ಗೇಟು ತೆಗೆಯಬೇಕು.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಹದಿನೆಂಟು ಜನ ಎಂ.ಎ. ವಿದ್ಯಾರ್ಥಿಗಳ ಜೊತೆ ಹತ್ತು ದಿನ ನಾನು ಈ ಬೇಲಿಯ ಪಕ್ಕದಲ್ಲಿದ್ದೆ. ಪಶ್ಚಿಮ ಬಂಗಾಳದ ಕೂಚ್ ಬಿಹಾರ ಜಿಲ್ಲೆಯ ದಿನ್‌ಹಾಟಾ ಕಡೆ. ಸಮಾಜಕಾರ್ಯ ವಿಭಾಗದ ಪಠ್ಯದಲ್ಲಿ ಇದಕ್ಕೆ ‘ಸೇವಾ ಕಲಿಕೆ’ ಎಂದು ಹೆಸರು, ಎರಡು ಕ್ರೆಡಿಟ್ಟು. ಹಗಲು ಊರಿನವರಿಗೆ ಒಂದಿಷ್ಟು ಕೆಲಸ ಮಾಡಿಕೊಡುವುದು, ರಾತ್ರಿ ಕೂತು ಏನು ಕಲಿತೆವೆಂದು ಡೈರಿ ಬರೆಯುವುದು. ನಾನು ಆ ವಿಭಾಗದವಳಲ್ಲ. ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಜೊತೆಗೆ ಕರೆದದ್ದು ಬಂಗಾಳಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ಸಿಂಧನೂರಿನವಳಿಗೆ ಬಂಗಾಳಿ ಹೇಗೆ ಬಂತು ಎಂದು ಬಹಳ ಜನ ಕೇಳುತ್ತಾರೆ. ನಮ್ಮ ತಾಲ್ಲೂಕಿನವರು ಕೇಳುವುದಿಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ನಮ್ಮಲ್ಲಿ ಜಮೀನು ಕೊಟ್ಟು ಊರು ಕಟ್ಟಿಕೊಟ್ಟಿತು. ಈಗಲೂ ಆ ಊರುಗಳಿಗೆ ಸರಿಯಾದ ಹೆಸರಿಲ್ಲ. ಆರ್.ಎಚ್. ಕ್ಯಾಂಪು ಒಂದು, ಎರಡು, ಮೂರು ಎಂದು ನಂಬರಿನಿಂದಲೇ ಕರೆಯುತ್ತೇವೆ. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಕ್ಯಾಂಪಿನ ಹುಡುಗಿ. ಅವಳ ಅಜ್ಜಿಗೆ ಕನ್ನಡ ಕೊನೆಯವರೆಗೂ ಬರಲಿಲ್ಲ. ಆ ಅಜ್ಜಿಯ ಜೊತೆ ಮಾತಾಡಲಿಕ್ಕೆಂದೇ ನಾನು ಕಲಿತ ಭಾಷೆ ಇದು. ಈಗ ಅದೇ ಕ್ಯಾಂಪುಗಳು ನನ್ನ ಸಂಶೋಧನೆಯ ವಿಷಯ.

ದಿನ್‌ಹಾಟಾದಲ್ಲಿ ಮಾತು ಬೇರೆ. ಅಲ್ಲಿನವರು ಹೆಚ್ಚಾಗಿ ರಾಜಬಂಶಿ ಆಡುತ್ತಾರೆ. ನಾನು ಬಾಯಿ ತೆರೆದ ಕೂಡಲೇ ಒಬ್ಬ ಮುದುಕಿ, “ನೀನು ಆಚೆಯವಳಾ ಮಗಳೇ?” ಎಂದು ಕೇಳಿದಳು. ಆಚೆ ಎಂದರೆ ಬೇಲಿಯ ಆಚೆ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನ್ನ ಮಾತಿನಲ್ಲಿ ಅವಳಿಗೆ ಆ ಅಜ್ಜಿ ಬಿಟ್ಟು ಬಂದ ಊರು ಕೇಳಿಸಿತ್ತು. ಅಲ್ಲಿದ್ದ ನಾಲ್ಕಾರು ಜನ ನಕ್ಕರು. ನಾನೂ ನಕ್ಕೆ. ಇಂಥ ಉಚ್ಚಾರಣೆಯಿಂದಲೇ ಕೆಲವರ ಬದುಕು ಏರುಪೇರಾಗುತ್ತದೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು, ಆದರೂ ನಗುತ್ತಾರೆ.

ಗೇಟಿಗೆ ಹೊತ್ತು ನಿಗದಿಯಾಗಿದೆ. ಬೆಳಿಗ್ಗೆ ಇಷ್ಟು ಗಂಟೆಗೆ, ಮಧ್ಯಾಹ್ನ ಇಷ್ಟಕ್ಕೆ, ಸಂಜೆ ಇಷ್ಟಕ್ಕೆ. ಹೊಲಕ್ಕೆ ಹೋಗುವವರು ತಮ್ಮ ಗುರುತಿನ ಚೀಟಿಯನ್ನು ಬಿಎಸ್‌ಎಫ್ ಜವಾನರ ಕೈಗೆ ಕೊಟ್ಟು, ಪುಸ್ತಕದಲ್ಲಿ ಹೆಸರು ಬರೆಸಿ ಹೋಗಬೇಕು. ಬರುವಾಗ ಚೀಟಿ ವಾಪಸ್ಸು. ತಂಬಾಕಿನ ಎಲೆ ಕೊಯ್ಯುವ ದಿನ ಕೆಲಸ ಅರ್ಧಕ್ಕೆ ನಿಂತರೂ ಗೇಟಿನ ಹೊತ್ತಿಗೆ ಬರಲೇಬೇಕು. ಸೆಣಬು ಆಳೆತ್ತರ ಬೆಳೆದರೆ ಕಾವಲಿಗೆ ಮರೆಯಾಗುತ್ತದೆ, ಆದ್ದರಿಂದ ಅದನ್ನು ಹಾಕಬೇಡಿ ಎನ್ನುತ್ತಾರೆ ಎಂದು ಒಬ್ಬ ರೈತ ಹೇಳಿದ. ಆಚೆ ಪಟ್ಟಿಯ ಮನೆಗೆ ಮದುವೆಯಾಗಿ ಬಂದ ಹೆಂಗಸೊಬ್ಬಳು ತನ್ನ ಎರಡನೆಯ ಹೆರಿಗೆಯ ರಾತ್ರಿಯನ್ನು ನೆನಪಿಸಿಕೊಂಡಳು. ಗೇಟು ತೆಗೆದರು, ಇಲ್ಲವೆನ್ನುವುದಿಲ್ಲ. ಮೇಲಿನವರಿಗೆ ಫೋನು ಹೋಗಿ, ಅಲ್ಲಿಂದ ಮಾತು ಬಂದು, ಬೀಗದ ಕೈ ಬರುವ ತನಕ ಅವಳು ಸೈಕಲ್ ಗಾಡಿಯ ಮೇಲೆ ಮಲಗಿ ತಂತಿಯ ದೀಪ ನೋಡುತ್ತಿದ್ದಳಂತೆ.

ಒಂದು ಸಂಜೆ ಅಲ್ಲಿ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಗೇಟಿನ ಜವಾನರೊಬ್ಬರು ಹತ್ತಿರ ಬಂದು, “ಯಾ ಊರವ್ವಾ ನಿಂದು?” ಎಂದರು. ಇಂಡಿ ತಾಲ್ಲೂಕಿನವರು. ಎಂಟು ತಿಂಗಳಾಗಿತ್ತಂತೆ ಕನ್ನಡದಲ್ಲಿ ಎದುರಾಬದುರಾ ಮಾತಾಡಿ. ಮಳೆ ಹೇಗಾಯಿತು, ತೊಗರಿ ಹೇಗಿದೆ ಎಂದು ಕೇಳಿದರು. ನಾನು ಗೇಟಿನ ಹೊತ್ತಿನ ಬಗ್ಗೆ ಕೇಳಿದೆ. “ಹೊಲದ ಸಂಕಟ ನನಗ ತಿಳಿಯೂದಿಲ್ಲೇನವ್ವಾ? ನಮ್ಮದೂ ಒಕ್ಕಲುತನದ ಮನಿ. ಆದ್ರ ಕೀಲಿ ನನ್ನ ಕೈಯಾಗಿದ್ರೂ ಟೈಮು ನನ್ನ ಕೈಯಾಗಿಲ್ಲ” ಎಂದರು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಡುವ ಮೊದಲು ಮೂರು ಚಹಾ ತರಿಸಿ ಕುಡಿಸಿದರು.

ಇದೇ ಕಡೆಯ ಬೇಲಿಯಲ್ಲಿ 2011ರ ಜನವರಿ 7ರಂದು ಫೆಲಾನಿ ಖಾತುನ್ ಎಂಬ 15 ವರ್ಷದ ಹುಡುಗಿ ಗುಂಡೇಟಿಗೆ ಸತ್ತಳು. ಮದುವೆಗೆಂದು ಅಪ್ಪನ ಜೊತೆ ಬಾಂಗ್ಲಾದೇಶಕ್ಕೆ ಮರಳುತ್ತಿದ್ದವಳು. ಏಣಿ ಹತ್ತಿ ದಾಟುವಾಗ ಬಟ್ಟೆ ತಂತಿಗೆ ಸಿಕ್ಕಿಕೊಂಡಿತ್ತು. ಅವಳ ಹೆಣ ಗಂಟೆಗಟ್ಟಲೆ ಬೇಲಿಯಲ್ಲಿ ನೇತಾಡಿತು. ಗುಂಡು ಹಾರಿಸಿದವನನ್ನು ಪಡೆಯ ಸ್ವಂತ ನ್ಯಾಯಾಲಯ 2013ರಲ್ಲಿ ಖುಲಾಸೆ ಮಾಡಿತು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ಹೆಸರನ್ನು ಮೊದಲ ಸಲ ಕೇಳಿದ್ದು ಅಲ್ಲಿಯೇ. ಊರಿನಲ್ಲಿ ಅದನ್ನು ಹೇಳುವಾಗ ಯಾರೂ ದನಿ ಏರಿಸುವುದಿಲ್ಲ.

ನಮಗೆ ವಹಿಸಿದ್ದ ಕೆಲಸ ಮಾತ್ರ ಬೇಲಿಯದ್ದಲ್ಲ, ಕಾಗದದ್ದು. ಅದು ಅರ್ಥವಾಗಬೇಕಾದರೆ ಛಿಟ್‌ಮಹಲ್‌ಗಳ ವಿಷಯ ತಿಳಿದಿರಬೇಕು. ಕೂಚ್ ಬಿಹಾರದ ರಾಜರೂ ಪಕ್ಕದ ಮೊಘಲ್ ಅಧಿಕಾರಿಗಳೂ ಚದುರಂಗದಲ್ಲಿ ಊರುಗಳನ್ನು ಪಣವಿಟ್ಟು ಆಡಿದರು, ಹಾಗಾಗಿ ಒಬ್ಬರ ನೆಲದ ಹೊಟ್ಟೆಯಲ್ಲಿ ಇನ್ನೊಬ್ಬರ ಊರು ಉಳಿಯಿತು ಎಂದು ಜನ ಕತೆ ಹೇಳುತ್ತಾರೆ. ಅದು ಯುದ್ಧ ಮತ್ತು ಒಪ್ಪಂದಗಳ ಫಲ ಎಂದು ಇತಿಹಾಸ ಬರೆದವರು ಹೇಳುತ್ತಾರೆ. 1947ರಲ್ಲಿ ದೇಶ ಒಡೆಯಿತು, 1949ರಲ್ಲಿ ಕೂಚ್ ಬಿಹಾರ ಭಾರತಕ್ಕೆ ಸೇರಿತು. ಒಬ್ಬ ಅರಸನ ಚೂರುಪಾರು ಊರುಗಳು ಆಮೇಲೆ ಪರದೇಶದ ನಡುವಿನ ದ್ವೀಪಗಳಾದವು. ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದೇಶದ 51. ದಹಲಾ ಖಗ್ರಾಬಾರಿ ಎಂಬ ಒಂದು ಹೊಲವಂತೂ ಭಾರತದ್ದು. ಅದರ ಸುತ್ತ ಬಾಂಗ್ಲಾದೇಶದ ಒಂದು ತುಂಡು, ಅದರ ಸುತ್ತ ಭಾರತದ ಒಂದು ತುಂಡು, ಅದರ ಸುತ್ತ ಮತ್ತೆ ಬಾಂಗ್ಲಾದೇಶ.

ಇವುಗಳನ್ನು ಅದಲುಬದಲು ಮಾಡಿಕೊಳ್ಳೋಣ ಎಂದು ಇಂದಿರಾ ಗಾಂಧಿ ಮತ್ತು ಮುಜಿಬುರ್ ರಹಮಾನ್ 1974ರಲ್ಲಿ ಸಹಿ ಹಾಕಿದರು. ಅದು ನಡೆದದ್ದು 2015ರ ಜುಲೈ 31ರ ನಡುರಾತ್ರಿ, ನಲವತ್ತೊಂದು ವರ್ಷದ ಮೇಲೆ. ಆ ರಾತ್ರಿ ಭಾರತದೊಳಗಿನ 51 ಛಿಟ್‌ಮಹಲ್‌ಗಳ 14 ಸಾವಿರಕ್ಕೂ ಹೆಚ್ಚು ಜನ ಕೂತಲ್ಲೇ ಭಾರತೀಯರಾದರು. ಅಲ್ಲಿಯವರೆಗೆ ಅವರು ಕಾನೂನಿನ ಪ್ರಕಾರ ಬಾಂಗ್ಲಾದೇಶದವರು. ಅವರಲ್ಲಿ ಎಷ್ಟೋ ಜನ ಬಾಂಗ್ಲಾದೇಶವನ್ನು ಕಂಡೇ ಇರಲಿಲ್ಲ. ಸುತ್ತ ಭಾರತ, ಸಂತೆ ಭಾರತದ್ದು, ಜೇಬಿನ ದುಡ್ಡು ಭಾರತದ್ದು. ಶಾಲೆ, ಆಸ್ಪತ್ರೆ, ವಿದ್ಯುತ್ತು ಮಾತ್ರ ಅವರಿಗಿಲ್ಲ.

ಹಾಗಾದರೆ ಮಕ್ಕಳು ಓದಿದ್ದು ಹೇಗೆ? ಪಕ್ಕದ ಭಾರತದ ಊರಿನಲ್ಲಿ ಪರಿಚಯದವರನ್ನು ಹಿಡಿದು, ಅವರನ್ನೇ ಅಪ್ಪ ಎಂದು ಬರೆಸಿ ಶಾಲೆಗೆ ಸೇರಿಸುತ್ತಿದ್ದರು. ಬಸುರಿಯರು ಆಸ್ಪತ್ರೆಯಲ್ಲಿ ಬೇರೊಬ್ಬನನ್ನು ಗಂಡನೆಂದು ಬರೆಸುತ್ತಿದ್ದರು. ಕೆಲವರು ಅದಕ್ಕೆ ದುಡ್ಡು ತೆಗೆದುಕೊಂಡರು, ಕೆಲವರು ಪುಕ್ಕಟೆ ಹೆಸರು ಕೊಟ್ಟರು. 2015ರ ಮೇಲೆ ವೋಟರ್ ಕಾರ್ಡು, ಆಧಾರ್ ಎಲ್ಲ ಬಂದವು, ನಿಜವಾದ ಅಪ್ಪನ ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಮಾತ್ರ ಹಳೆಯ ಅಪ್ಪ ಉಳಿದುಕೊಂಡ. ಹೀಗೆ ಕಾಗದದಲ್ಲಿ ಇಬ್ಬರು ಅಪ್ಪಂದಿರಿರುವವರ ಪಟ್ಟಿ ಮಾಡುವುದು, ಅರ್ಜಿ ತುಂಬುವುದು, ತಿದ್ದುಪಡಿಗೆ ಏನೇನು ಬೇಕೆಂದು ತಿಳಿಸುವುದು ನಮ್ಮ ವಿದ್ಯಾರ್ಥಿಗಳ ಸೇವೆ.

ನನ್ನ ಪಾಲಿಗೆ ಬಂದವನಿಗೆ ಇಪ್ಪತ್ತಾರು ವರ್ಷ. ಹೆಸರು ಬರೆಯುವುದಿಲ್ಲ. ಹತ್ತನೆಯ ತರಗತಿ ಪಾಸಾಗಿದ್ದ. ಕಾಗದಗಳನ್ನು ಒಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಟ್ಟು ರಬ್ಬರು ಹಾಕಿದ್ದ. ಪ್ರಮಾಣಪತ್ರ ಮಾಡಿಸಲು ಇಬ್ಬರು ಅಪ್ಪಂದಿರೂ ಒಟ್ಟಿಗೇ ಬಂದರು. ಹೆತ್ತ ಅಪ್ಪ ಒಂದು ತುದಿಗೆ, ಕಾಗದದ ಅಪ್ಪ ಇನ್ನೊಂದು ತುದಿಗೆ, ನಡುವೆ ಮಗ. ಇಬ್ಬರೂ ಹಳೆಯ ಗೆಳೆಯರು. ಮಂಡಕ್ಕಿ, ಹಸಿಮೆಣಸಿನಕಾಯಿಯ ಪೊಟ್ಟಣ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು.

ಟೈಪು ಮಾಡಿದ್ದನ್ನು ಓದಿ ಹೇಳಿದೆ. ಇಂಥ ವರ್ಷ ಶಾಲೆಗೆ ಸೇರಿಸುವಾಗ ತಂದೆಯ ಹೆಸರನ್ನು ಸುಳ್ಳಾಗಿ ಬರೆಸಲಾಗಿತ್ತು ಎಂಬ ಸಾಲು ಬಂದಾಗ ಕಾಗದದ ಅಪ್ಪ ಕೈ ಎತ್ತಿದರು. “ಸುಳ್ಳು ಎಂದು ಬರೆದರೆ ನನ್ನ ಮೇಲೆ ಕೇಸಾಗುವುದಿಲ್ಲ ತಾನೆ?” ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಇಲ್ಲ ಎಂದು ಧೈರ್ಯವಾಗಿ ಹೇಳುವಂತಿರಲಿಲ್ಲ. ಪ್ರಮಾಣಪತ್ರ ಬರೆದುಕೊಟ್ಟವರು, “ಸಾಮಾನ್ಯವಾಗಿ ಏನೂ ಆಗುವುದಿಲ್ಲ” ಎಂದರು. ‘ಸಾಮಾನ್ಯವಾಗಿ’ ಎಂಬ ಮಾತನ್ನು ನಾನು ಬಂಗಾಳಿಗೆ ತಿರುಗಿಸಿ ಹೇಳಿದೆ. ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು.

ಹೆತ್ತ ಅಪ್ಪನೇ ಮಾತಾಡಿದ. “ಅವತ್ತು ಇವನು ಹೆಸರು ಕೊಡದಿದ್ದರೆ ನನ್ನ ಮಗನಿಗೆ ಅಕ್ಷರವಿಲ್ಲ. ಇವತ್ತು ಅದನ್ನೇ ಸುಳ್ಳು ಎಂದು ನಾನು ಹೆಬ್ಬೆಟ್ಟು ಒತ್ತಬೇಕಾ? ಬೇಡ.” ಮಗ ವಾದ ಮಾಡಲಿಲ್ಲ. ಇದ್ದ ಅಂಕಪಟ್ಟಿಯೂ ರದ್ದಾದರೆ ಏನು ಗತಿ ಎಂಬ ಭಯ ಅವನಿಗೂ ಇತ್ತು. ಕಾಗದ ಮಡಚಿ ಕವರಿಗೆ ಹಾಕಿಕೊಂಡ. ನಾವು ಹೊರಗೆ ಬಂದು ಚಹಾ ಕುಡಿದೆವು. ದುಡ್ಡನ್ನು ಕಾಗದದ ಅಪ್ಪ ಕೊಟ್ಟರು, ಯಾರ ಕೈಯನ್ನೂ ಜೇಬಿಗೆ ಹೋಗಗೊಡಲಿಲ್ಲ.

ನಾನು ಕರ್ನಾಟಕದವಳೆಂದು ತಿಳಿದ ಮೇಲೆ ಆ ಹುಡುಗ, “ಊಟ ಆಯ್ತಾ?” ಎಂದು ಕನ್ನಡದಲ್ಲಿ ಕೇಳಿದ. ಬೆಂಗಳೂರಿನ ಅಂಚಿನಲ್ಲಿ ಎರಡು ವರ್ಷ ಕಸ ವಿಂಗಡಿಸುವ ಶೆಡ್ಡಿನಲ್ಲಿ ದುಡಿದಿದ್ದನಂತೆ. ಒಂದು ದಿನ ಬಂದವರು ಎಲ್ಲರ ಕಾಗದ ಕೇಳಿದರು. ಇವನು ಇದ್ದದ್ದನ್ನೆಲ್ಲ ತೋರಿಸಿದ. ಆಧಾರಿನಲ್ಲಿ ಒಬ್ಬ ಅಪ್ಪ, ಅಂಕಪಟ್ಟಿಯಲ್ಲಿ ಇನ್ನೊಬ್ಬ. ನೀನು ಬಾಂಗ್ಲಾದೇಶಿ ತಾನೆ ಎಂದರು. “ದೀದಿ, ನಾನೇನು ಹೇಳಲಿ? ಹದಿನೇಳು ವರ್ಷ ನಾನು ಬಾಂಗ್ಲಾದೇಶಿಯೇ ಆಗಿದ್ದೆ. ಆ ದೇಶವನ್ನು ನೋಡೇ ಇಲ್ಲ.” ಮಾಲೀಕ ಹೇಗೋ ಬಿಡಿಸಿದನಂತೆ. ಅದೇ ವಾರ ರೈಲು ಹತ್ತಿ ಊರಿಗೆ ಬಂದ.

ಅವನ ಮಾತು ಕೇಳುವಾಗ ಕರಿಯಮ್ಮನ ಅಗ್ರಹಾರ ನೆನಪಾಯಿತು. 2020ರ ಜನವರಿಯಲ್ಲಿ ಅಲ್ಲಿ ಬಾಂಗ್ಲಾದೇಶಿಗಳಿದ್ದಾರೆಂದು ಹೇಳಿ ಜೋಪಡಿಗಳನ್ನು ಕೆಡವಿದರು. ಮನೆ ಕಳೆದುಕೊಂಡವರಲ್ಲಿ ಅಸ್ಸಾಮಿನವರು, ತ್ರಿಪುರಾದವರು, ಪಶ್ಚಿಮ ಬಂಗಾಳದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟು ಮಧ್ಯೆ ಬಂತು. ಗಡಿಯಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಗಡಿಯ ಪ್ರಶ್ನೆಯನ್ನು ಯಾರು ಬೇಕಾದರೂ, ಯಾರಿಗೆ ಬೇಕಾದರೂ ಕೇಳಬಹುದು. ಗೇಟಿನ ಹತ್ತಿರವಾದರೆ ಕೇಳುವವರಿಗೊಂದು ಸಮವಸ್ತ್ರವಿದೆ, ಕೊಟ್ಟ ಚೀಟಿಯನ್ನು ಸಂಜೆ ಮರಳಿಸುವ ನಿಯಮವಾದರೂ ಇದೆ.

ನಮ್ಮ ಅವ್ವನ ಹೆಸರು ನನ್ನ ಅಂಕಪಟ್ಟಿಯಲ್ಲಿ ಶರಣಮ್ಮ, ರೇಷನ್ ಕಾರ್ಡಿನಲ್ಲಿ ಶರಣವ್ವ, ಬ್ಯಾಂಕಿನ ಪುಸ್ತಕದಲ್ಲಿ ಶರಣಪ್ಪ ಎಂದೂ ಒಮ್ಮೆ ಆಗಿತ್ತು. ಮನೆಯಲ್ಲಿ ಅದನ್ನು ಹೇಳಿಕೊಂಡು ನಗುತ್ತೇವೆ. ನಾನು ಯಾವ ದೇಶದವಳು ಎಂದು ಅದನ್ನು ನೋಡಿ ಯಾರೂ ಕೇಳಿಲ್ಲ. ನನ್ನ ಬೆಂಚಿನ ಗೆಳತಿಯ ಮನೆಯಲ್ಲಿ ಹೀಗೆ ನಗುವುದಿಲ್ಲ. ಬಂಗಾಳದಲ್ಲಿ ಅವರ ನಮಶೂದ್ರ ಜಾತಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ, ನಮ್ಮ ರಾಜ್ಯದಲ್ಲಿ ಇಲ್ಲ. ಅದಕ್ಕಾಗಿ ಕ್ಯಾಂಪಿನವರು ಅರ್ಜಿ ಕೊಡುತ್ತಲೇ ಬಂದಿದ್ದಾರೆ. ಅವಳ ಅಪ್ಪ ಇವತ್ತಿಗೂ ಒಂದು ಟ್ರಂಕಿನಲ್ಲಿ ಜಮೀನು ಕೊಟ್ಟಾಗಿನ ಚೀಟಿಯಿಂದ ಹಿಡಿದು ಎಲ್ಲವನ್ನೂ ಇಟ್ಟಿದ್ದಾರೆ. ಐವತ್ತು ವರ್ಷ ಭತ್ತ ಬೆಳೆದ ಮೇಲೂ ಆ ಟ್ರಂಕಿಗೆ ಬೀಗವಿದೆ. ನನ್ನ ಸಂಶೋಧನೆಗೆ ಅದನ್ನು ತೆರೆದು ತೋರಿಸಿದಾಗ ಒಂದೊಂದು ಹಾಳೆಯನ್ನೂ ತಾವೇ ಎತ್ತಿ ಕೊಟ್ಟು, ತಾವೇ ವಾಪಸ್ಸು ಇಟ್ಟುಕೊಂಡರು. ಅದು ಯಾಕೆಂದು ನನಗೆ ಪೂರ್ತಿ ತಿಳಿದದ್ದು ದಿನ್‌ಹಾಟಾದಲ್ಲಿ.

ವರದಿಯಲ್ಲಿ ಎರಡು ಅಂಕಣಗಳಿದ್ದವು. ಸೇವೆಯ ಅಂಕಣದಲ್ಲಿ ತುಂಬಿದ ಅರ್ಜಿಗಳ ಲೆಕ್ಕ ಬರೆದೆವು. ತುಂಬದೆ ಬಿಟ್ಟ ಒಂದನ್ನು ಎಲ್ಲಿ ಬರೆಯುವುದು ಎಂದು ರಾತ್ರಿ ಚರ್ಚೆಯಾಯಿತು. ಕೆಲಸ ಆಗಲಿಲ್ಲ ಎಂದು ಬರೆಯೋಣ ಎಂದ ಒಬ್ಬ. ಆ ಇಬ್ಬರು ಮುದುಕರು ಯೋಚಿಸಿ ಬೇಡವೆಂದರು, ಅದು ಕೆಲಸವೇ ಅಲ್ಲವೇ ಎಂದಳು ಇನ್ನೊಬ್ಬಳು. ಕೊನೆಗೆ ಅದು ಕಲಿಕೆಯ ಅಂಕಣಕ್ಕೆ ಹೋಯಿತು.

ಮೊನ್ನೆ ಆ ಹುಡುಗ ಫೋನು ಮಾಡಿದ್ದ. ಮತ್ತೆ ಬೆಂಗಳೂರಿಗೆ ಬಂದಿದ್ದಾನೆ, ಈ ಸಲ ಕಟ್ಟಡದ ಕೆಲಸಕ್ಕೆ. ಕಾಗದ ಕೇಳಿದರಾ ಎಂದೆ. ಕೇಳಿದರು, ಆಧಾರ್ ಮಾತ್ರ ತೋರಿಸಿದೆ ಎಂದ. ಅಂಕಪಟ್ಟಿ ಎಲ್ಲಿ ಎಂದೆ. ಊರಿನಲ್ಲಿ ಬಿಟ್ಟು ಬಂದಿದ್ದಾನಂತೆ, ಅದರಲ್ಲಿ ಹೆಸರಿರುವ ಆ ಅಪ್ಪನ ಮನೆಯಲ್ಲಿ.